ಸರಕಾರದ ಆದೇಶವನ್ನು ಕೋರ್ಟು ಎಷ್ಟರ ಮಟ್ಟಿಗೆ ಪ್ರಶ್ನಿಸಬಹುದು? ಕಾಸರಗೋಡಿನ ಕನ್ನಡಿಗರು ತಿಳಿದಿರಬೇಕಾದದ್ದು

ಕೇರಳ ವಿಧಾನಸಭೆಯ 140 ಸ್ಥಾನಗಳಲ್ಲಿ ಕನ್ನಡದ ಮತಕ್ಕೆ ತೂಕ ಇರುವುದು ಮುಖ್ಯವಾಗಿ ಮಂಜೇಶ್ವರ, ಕಾಸರಗೋಡು ಕ್ಷೇತ್ರಗಳಲ್ಲಿ. ಬರೀ ಸಂಖ್ಯೆಯ ಬಲದಿಂದ ತಿರುವನಂತಪುರವನ್ನು ಒಪ್ಪಿಸುವುದು ಇಲ್ಲಿನ ಕನ್ನಡಿಗರಿಂದ ಆಗದ ಮಾತು. 2025ರ ಅಕ್ಟೋಬರಿನಲ್ಲಿ, ಶಾಲೆ ಮತ್ತು ಆಡಳಿತದಲ್ಲಿ ಮಲಯಾಳಕ್ಕೆ ಮೊದಲ ಸ್ಥಾನ ಕೊಡುವ ಮಲಯಾಳಂ ಭಾಷಾ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟ ಮೇಲೆ ಗಡಿಯಲ್ಲಿ ಮತ್ತೆ ಎದ್ದ ಪ್ರಶ್ನೆ ಈ ಲೆಕ್ಕದಿಂದಲೇ ಹುಟ್ಟಿದ್ದು: ಮತದಿಂದ ಆಗದ್ದು ಕೋರ್ಟಿನಿಂದ ಆದೀತೇ?

ಕೆಲವು ಆಗುತ್ತದೆ, ಕೆಲವು ಖಂಡಿತ ಆಗುವುದಿಲ್ಲ. ಯಾವುದು ಆಗುತ್ತದೆಂದು ಗೊತ್ತಿಲ್ಲದೆ ಕೇರಳ ಹೈಕೋರ್ಟು ಇರುವ ಎರ್ನಾಕುಲಂನ ರೈಲು ಹತ್ತಿದರೆ ದುಡ್ಡು ಹೋಗುವುದು ಮಾತ್ರವಲ್ಲ, ಒಂದು ಪ್ರತಿಕೂಲ ತೀರ್ಪು ಮುಂದೆ ಬರುವವರ ದಾರಿಗೂ ಅಡ್ಡವಾಗುತ್ತದೆ. ಕೋರ್ಟಿನ ಅಧಿಕಾರ ಎಲ್ಲಿಂದ ಬಂತು ಎಂದು ತಿಳಿದರೆ ಅದು ಎಲ್ಲಿಗೆ ನಿಲ್ಲುತ್ತದೆ ಎಂಬುದೂ ತಿಳಿಯುತ್ತದೆ.

ಅಧಿಕಾರದ ಬೇರು

ಸರಕಾರದ ಕಾನೂನು, ಆದೇಶಗಳನ್ನು ಕೋರ್ಟು ಒರೆಗೆ ಹಚ್ಚುವುದಕ್ಕೆ ನ್ಯಾಯಾಂಗ ಪರಿಶೀಲನೆ ಎನ್ನುತ್ತಾರೆ. ಆ ಹೆಸರಿನ ವಿಧಿ ಸಂವಿಧಾನದಲ್ಲಿ ಹುಡುಕಿದರೆ ಸಿಗುವುದಿಲ್ಲ. ಆ ಅಧಿಕಾರ ಹಲವು ವಿಧಿಗಳಲ್ಲಿ ಹಂಚಿಹೋಗಿದೆ. 13ನೇ ವಿಧಿ ಹೇಳುತ್ತದೆ: ಮೂಲಭೂತ ಹಕ್ಕನ್ನು ಕಿತ್ತುಕೊಳ್ಳುವ ಇಲ್ಲವೇ ಮೊಟಕು ಮಾಡುವ ಕಾನೂನನ್ನು ಸರಕಾರ ಮಾಡಕೂಡದು, ಮಾಡಿದರೆ ಆ ಮಟ್ಟಿಗೆ ಅದು ಅಸಿಂಧು. ಇಲ್ಲಿ ಕಾನೂನು ಎಂದರೆ ವಿಧಾನಸಭೆಯ ಕಾಯ್ದೆ ಮಾತ್ರ ಅಲ್ಲ. ಆದೇಶ, ನಿಯಮ, ಉಪನಿಯಮ, ಅಧಿಸೂಚನೆ ಎಲ್ಲವೂ ಸೇರುತ್ತವೆ. 12ನೇ ವಿಧಿಯ ಪ್ರಕಾರ ಪಂಚಾಯತು, ನಗರಸಭೆ, ಸರಕಾರದ ಹಿಡಿತದಲ್ಲಿರುವ ನಿಗಮಗಳು ಕೂಡ ಪ್ರಭುತ್ವದ ಭಾಗವೇ. ಇನ್ನು ಬಾಗಿಲುಗಳು ಎರಡು. ಮೂಲಭೂತ ಹಕ್ಕಿಗೆ ಧಕ್ಕೆಯಾದರೆ 32ನೇ ವಿಧಿಯಡಿ ನೇರ ಸುಪ್ರೀಂ ಕೋರ್ಟು. 226ನೇ ವಿಧಿಯಡಿ ಹೈಕೋರ್ಟು. ಎರಡನೆಯದು ಹೆಚ್ಚು ಅಗಲ. ಮೂಲಭೂತ ಹಕ್ಕಿಗೆ ಮಾತ್ರವಲ್ಲ, 'ಬೇರಾವುದೇ ಉದ್ದೇಶಕ್ಕೆ' ಕೂಡ ರಿಟ್, ಅಂದರೆ ಸರಕಾರಕ್ಕೆ ಕೋರ್ಟಿನ ಆಜ್ಞೆ, ಹೊರಡಿಸಬಹುದೆಂದು 226 ಹೇಳುತ್ತದೆ. ಪಿಂಚಣಿ ನಿಲ್ಲಿಸಿದ್ದು, ಪರವಾನಗಿ ಕೊಡದೆ ಸತಾಯಿಸಿದ್ದು, ನಿಯಮ ಮೀರಿ ವರ್ಗಾವಣೆ ಮಾಡಿದ್ದು ಎಲ್ಲವೂ ಅದರೊಳಗೆ ಬರುತ್ತವೆ.

ಇವಿಷ್ಟು ಕಾಗದದ ಮೇಲಿದ್ದ ಅಧಿಕಾರ. ಸಂಸತ್ತು ಸಂವಿಧಾನವನ್ನೇ ತಿದ್ದಿ ಇದನ್ನು ಅಳಿಸಿಹಾಕಿದರೆ? ಆ ಪ್ರಶ್ನೆಗೆ ಉತ್ತರ ಬಂದದ್ದು ಕಾಸರಗೋಡಿನಿಂದ ಹೋದ ಒಂದು ಅರ್ಜಿಯಲ್ಲಿ. ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿ 1970ರಲ್ಲಿ ಕೇರಳ ಭೂಸುಧಾರಣಾ ಕಾಯ್ದೆಯ ವಿರುದ್ಧ 32ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಕೇಳಿ 1973ರ ಏಪ್ರಿಲ್ 24ರಂದು 7:6ರ ಅಂತರದಲ್ಲಿ ತೀರ್ಪು ಕೊಟ್ಟಿತು. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಅದರ ಮೂಲರಚನೆಯನ್ನು ಮಾತ್ರ ಕೆಡಿಸುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಾರ. ಅದೇ ತೀರ್ಪಿನ ಇನ್ನೊಂದು ತುಂಡಿಗೆ ಅಷ್ಟು ಪ್ರಚಾರ ಸಿಕ್ಕಿಲ್ಲ, ನಮ್ಮ ವಿಷಯಕ್ಕೆ ಬೇಕಾದದ್ದು ಅದು. 25ನೇ ತಿದ್ದುಪಡಿ 31ಸಿ ವಿಧಿಯನ್ನು ಸೇರಿಸಿ, ನಿರ್ದೇಶಕ ತತ್ವವೊಂದನ್ನು (ಸರಕಾರಕ್ಕೆ ಸಂವಿಧಾನ ತೋರಿದ ನೀತಿ) ಜಾರಿಗೆ ತರಲು ಈ ಕಾನೂನು ಮಾಡಿದ್ದೇವೆ ಎಂದು ಸರಕಾರ ಘೋಷಿಸಿಬಿಟ್ಟರೆ, ಆ ಘೋಷಣೆ ನಿಜವೋ ಸುಳ್ಳೋ ಎಂದು ಯಾವ ಕೋರ್ಟೂ ಕೇಳುವಂತಿಲ್ಲ ಎಂದಿತ್ತು. ಆ ಸಾಲನ್ನು ಪೀಠ ಕಿತ್ತುಹಾಕಿತು. ಒಂದು ಘೋಷಣೆ ಬರೆದ ಮಾತ್ರಕ್ಕೆ ಕೋರ್ಟಿನ ಬಾಗಿಲು ಮುಚ್ಚುವುದಿಲ್ಲ ಎಂಬುದು ಅಲ್ಲಿಂದ ಗಟ್ಟಿಯಾಯಿತು. ಮಠಕ್ಕೆ ಬೇಕಾಗಿದ್ದ ಪರಿಹಾರ ಮಾತ್ರ ಸಿಗಲಿಲ್ಲ. ಭೂಸುಧಾರಣಾ ತಿದ್ದುಪಡಿಗಳನ್ನು, ಕೋರ್ಟಿನ ಪ್ರಶ್ನೆಯಿಂದ ಕಾನೂನುಗಳಿಗೆ ರಕ್ಷಣೆ ಕೊಡುವ ಒಂಬತ್ತನೇ ಅನುಸೂಚಿಗೆ ಸೇರಿಸಿದ 29ನೇ ತಿದ್ದುಪಡಿ ಊರ್ಜಿತವಾಯಿತು. ಸ್ವಾಮೀಜಿ 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ದೇಶದ ಕಾನೂನು ವಲಯವೆಲ್ಲ ಎಡನೀರಿನ ಹೆಸರು ಹೇಳಿತು. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಈ ಪ್ರಕರಣವನ್ನು ಇನ್ನೂ ಸರಿಯಾಗಿ ಪಾಠ ಮಾಡಬೇಕು ಎಂದು ಬಲವಾಗಿ ಅನ್ನಿಸುತ್ತದೆ.

ಬಳಿಕದ ತೀರ್ಪುಗಳು ಇದೇ ಅಡಿಪಾಯದ ಮೇಲೆ ಎದ್ದವು. ತಿದ್ದುಪಡಿಗಳನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಎಂದು 42ನೇ ತಿದ್ದುಪಡಿ ಸೇರಿಸಿದ್ದ ಉಪವಿಧಿ 1980ರಲ್ಲಿ ಬೆಂಗಳೂರಿನ ಮಿನರ್ವ ಮಿಲ್ಸ್ ಪ್ರಕರಣದಲ್ಲಿ ಬಿತ್ತು. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯೂ ಪರಿಶೀಲನೆಗೆ ಹೊರತಲ್ಲ ಎಂದು 1994ರಲ್ಲಿ ಎಸ್. ಆರ್. ಬೊಮ್ಮಾಯಿ ಪ್ರಕರಣ ಹೇಳಿತು. 1997ರ ಎಲ್. ಚಂದ್ರಕುಮಾರ್ ತೀರ್ಪಿನಲ್ಲಿ ಏಳು ನ್ಯಾಯಮೂರ್ತಿಗಳು 32 ಮತ್ತು 226ನೇ ವಿಧಿಗಳ ಪರಿಶೀಲನಾ ಅಧಿಕಾರವೇ ಮೂಲರಚನೆಯ ಭಾಗ ಎಂದರು.

ಕೋರ್ಟು ನೋಡುವುದು ದಾರಿಯನ್ನು

ಇಷ್ಟು ದೊಡ್ಡ ಅಧಿಕಾರ ಇದ್ದರೂ ಕೋರ್ಟು ಸರಕಾರದ ಕುರ್ಚಿಯಲ್ಲಿ ಕೂತು ಹೊಸ ತೀರ್ಮಾನ ಮಾಡುವುದಿಲ್ಲ. ತೀರ್ಮಾನ ಒಳ್ಳೆಯದೋ ಕೆಟ್ಟದೋ ಎಂಬುದಕ್ಕಿಂತ, ಆ ತೀರ್ಮಾನಕ್ಕೆ ಅಧಿಕಾರಿ ಹೇಗೆ ಬಂದರು ಎಂದು ನೋಡುತ್ತದೆ. 1994ರ ಟಾಟಾ ಸೆಲ್ಯುಲರ್ ತೀರ್ಪು ಇದನ್ನು ಬಿಡಿಸಿ ಹೇಳಿದೆ. ನೋಡುವ ಅಂಶಗಳು ಮುಖ್ಯವಾಗಿ ಮೂರು. ಆದೇಶ ಮಾಡಿದವರಿಗೆ ಕಾನೂನಿನಲ್ಲಿ ಆ ಅಧಿಕಾರ ಇತ್ತೇ, ಇದ್ದರೆ ಅದರ ಮಿತಿಯೊಳಗೆ ಬಳಸಿದರೇ? ಬಾಧಿತರ ಮಾತು ಕೇಳಿ, ಹೇಳಿದ ಕ್ರಮದಲ್ಲೇ ನಡೆದರೇ? ಬೇಕಾದ ಸಂಗತಿ ಬಿಟ್ಟು ಬೇಡದ್ದನ್ನು ಲೆಕ್ಕಕ್ಕೆ ಹಿಡಿದು, ಬುದ್ಧಿ ಇರುವ ಯಾರೂ ಬಾರದ ತೀರ್ಮಾನಕ್ಕೆ ಬಂದರೇ? ಇವುಗಳ ಜೊತೆಗೆ 14ನೇ ವಿಧಿ ಇದೆ. ಮನಸೋ ಇಚ್ಛೆಯ ಕ್ರಮ ಸಮಾನತೆಗೇ ವಿರುದ್ಧ ಎಂದು 1974ರ ರಾಯಪ್ಪ ಪ್ರಕರಣದಿಂದ ಕೋರ್ಟುಗಳು ಹೇಳುತ್ತಾ ಬಂದಿವೆ.

ಆದ್ದರಿಂದ ವಕೀಲರ ಮೊದಲ ಕೆಲಸ ಆದೇಶವನ್ನು ಓದುವುದು. ಒಂದು ಉದಾಹರಣೆ ಇಟ್ಟುಕೊಳ್ಳೋಣ: ಕನ್ನಡ ಮಾಧ್ಯಮದ ಹೈಸ್ಕೂಲು ವಿಭಾಗಕ್ಕೆ ಕನ್ನಡ ಬಾರದ ಶಿಕ್ಷಕರನ್ನು ಹಾಕಿದ ಆದೇಶ. ಗಡಿಯಲ್ಲಿ ಇದು ಹೊಸ ದೂರೇನೂ ಅಲ್ಲ, ಗಣಿತವನ್ನು ಅರ್ಥವಾಗದ ಭಾಷೆಯಲ್ಲಿ ಕೇಳುತ್ತಾ ಕೂತ ಮಕ್ಕಳ ಒಂದೊಂದು ವರ್ಷವೂ ವಾಪಸು ಬರುವುದಿಲ್ಲ. ಆದೇಶದ ಮೇಲ್ಗಡೆ ನಂಬರು, ದಿನಾಂಕ ಇರುತ್ತವೆ. ಅದರ ಕೆಳಗೆ ಹಿಂದಿನ ಕಾಗದಗಳ ಪಟ್ಟಿ. ಆ ಪಟ್ಟಿಯಲ್ಲಿ ಹುದ್ದೆಯ ಮೂಲ ಅಧಿಸೂಚನೆ ಇದೆಯೇ? ಇದ್ದರೆ ಅದನ್ನು ತರಿಸಿ ನೋಡಬೇಕು. ಕನ್ನಡ ಬಲ್ಲವರಿಗೆ ಎಂದು ಅರ್ಹತೆ ಬರೆದಿದ್ದರೆ, ಅದಿಲ್ಲದವರ ನೇಮಕ ಅಧಿಕಾರ ಮೀರಿದ್ದು, ಪ್ರಕರಣ ಅಲ್ಲೇ ಅರ್ಧ ಗೆದ್ದ ಹಾಗೆ. ಶಾಲೆಯವರು ಇಲ್ಲವೇ ಹೆತ್ತವರ-ಶಿಕ್ಷಕರ ಸಂಘದವರು (ಪಿಟಿಎ) ಕೊಟ್ಟ ಮನವಿ ಪಟ್ಟಿಯಲ್ಲಿದೆಯೇ? ಇಲ್ಲದಿದ್ದರೆ ಅದನ್ನು ಯಾರೂ ನೋಡಿಯೇ ಇಲ್ಲ ಎಂದು ವಾದಿಸಬಹುದು. ಆಮೇಲೆ ಕಾರಣದ ಪ್ಯಾರಾ. ತರಗತಿಯ ಮಾಧ್ಯಮದ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ, ಮುಖ್ಯ ಸಂಗತಿಯನ್ನು ಗಣನೆಗೆ ತೆಗೆದುಕೊಂಡಿಲ್ಲ ಎಂಬುದು ಆದೇಶದ ಮುಖದಲ್ಲೇ ಕಾಣುತ್ತದೆ.

ಇಲ್ಲಿ 1978ರ ಮೊಹಿಂದರ್ ಸಿಂಗ್ ಗಿಲ್ ತೀರ್ಪು ಬಹಳ ಉಪಯೋಗಕ್ಕೆ ಬರುತ್ತದೆ. ಶಾಸನಬದ್ಧ ಅಧಿಕಾರಿ ಮಾಡಿದ ಆದೇಶ ನಿಲ್ಲಬೇಕಾದದ್ದು ಅದರಲ್ಲೇ ಬರೆದ ಕಾರಣಗಳ ಮೇಲೆ. ಆಮೇಲೆ ಕೋರ್ಟಿನಲ್ಲಿ ಅಫಿಡವಿಟ್ ಹಾಕಿ ಹೊಸ ಕಾರಣ ತುಂಬುವಂತಿಲ್ಲ. ಅಫಿಡವಿಟ್ಟಿನಲ್ಲಿ ಮಾತ್ರ ಕಾಣಿಸಿಕೊಳ್ಳುವ ಕಾರಣವನ್ನು ಹಿಡಿದು ತೋರಿಸುವುದು ಅರ್ಜಿದಾರರ ಪರ ಇರುವ ಗಟ್ಟಿ ವಾದಗಳಲ್ಲಿ ಒಂದು.

ಯಾವ ವಿಧಿಯನ್ನು ಹಿಡಿಯಬೇಕು

ಗಡಿನಾಡಿನ ಮನವಿಗಳಲ್ಲೆಲ್ಲ ಮೊದಲು ಬರುವುದು 350ಎ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸೌಕರ್ಯ ಒದಗಿಸಲು ಪ್ರತಿ ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕು ಎಂಬ ವಿಧಿ ಅದು, 1956ರ ಏಳನೇ ತಿದ್ದುಪಡಿಯಲ್ಲಿ ಬಂದದ್ದು. ಅದನ್ನೊಂದನ್ನೇ ನೆಚ್ಚಿಕೊಂಡರೆ ಎರಡು ಕಡೆ ಪೆಟ್ಟು ತಿನ್ನಬೇಕಾಗುತ್ತದೆ. ಪ್ರಾಥಮಿಕ ಹಂತ ಎಂದಿರುವುದರಿಂದ ಹೈಸ್ಕೂಲಿಗೆ ತಲುಪುವುದಿಲ್ಲ. ಪ್ರಯತ್ನಿಸಬೇಕು ಎಂದಿರುವುದರಿಂದ, ಪ್ರಯತ್ನಿಸಿದೆವು, ಶಿಕ್ಷಕರು ಸಿಗಲಿಲ್ಲ ಎಂದು ಸರಕಾರ ನುಣುಚಿಕೊಳ್ಳಬಹುದು.

29(1) ಇದಕ್ಕಿಂತ ಗಟ್ಟಿ. ತಮ್ಮದೇ ಭಾಷೆ, ಲಿಪಿ, ಸಂಸ್ಕೃತಿ ಇರುವ ಯಾವುದೇ ನಾಗರಿಕ ವರ್ಗಕ್ಕೆ ಅದನ್ನು ಉಳಿಸಿಕೊಳ್ಳುವ ಹಕ್ಕಿದೆ ಎನ್ನುವ ಅದು ಮೂಲಭೂತ ಹಕ್ಕು, ಮೇಲಾಗಿ 19ನೇ ವಿಧಿಯ ಹಾಗೆ ಸಕಾರಣ ನಿರ್ಬಂಧಗಳ ಬಾಲ ಅದಕ್ಕಿಲ್ಲ. ಆಡಳಿತ ಮಂಡಳಿ ನಡೆಸುವ ಅನುದಾನಿತ ಕನ್ನಡ ಶಾಲೆಯಾದರೆ, ಅಲ್ಪಸಂಖ್ಯಾತರು ತಮ್ಮ ಶಾಲೆ ಸ್ಥಾಪಿಸಿ ನಡೆಸುವ ಹಕ್ಕಿನ 30(1) ಕೂಡ ಸೇರುತ್ತದೆ. ಅಲ್ಪಸಂಖ್ಯಾತರು ಯಾರು ಎಂಬುದನ್ನು ರಾಜ್ಯವಾರು ನೋಡಬೇಕೆಂದು 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಹೇಳಿದೆ, ಹಾಗಾಗಿ ಕೇರಳದಲ್ಲಿ ಕನ್ನಡಿಗರ ಸ್ಥಾನದ ಬಗ್ಗೆ ಸಂಶಯವಿಲ್ಲ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದ 21ಎ ಮತ್ತು 2009ರ ಶಿಕ್ಷಣ ಹಕ್ಕು ಕಾಯ್ದೆಯ 29(2)(ಎಫ್) ಇವೆ. ಸಾಧ್ಯವಾದ ಮಟ್ಟಿಗೆ ಬೋಧನೆ ಮಗುವಿನ ಮಾತೃಭಾಷೆಯಲ್ಲಿರಬೇಕು ಎನ್ನುವುದು ಈ ಕಲಮು. ಮೊದಲು 14, 21ಎ, 29 ಹಾಕಿ, ಅವುಗಳನ್ನು ಓದುವ ಬೆಳಕಾಗಿ 350ಎಯನ್ನು ಕೊನೆಗೆ ಇಡುವುದು ಸರಿಯಾದ ಕ್ರಮ.

ಮಲಯಾಳಂ ಕಡ್ಡಾಯದ ವಿಚಾರಕ್ಕೆ ಬಂದರೆ ಸ್ವಲ್ಪ ಕಹಿಯಾದ ಮಾತು ಹೇಳಬೇಕಾಗುತ್ತದೆ. ಮಹಾರಾಷ್ಟ್ರದಲ್ಲಿ ಭಾಷಾ ಅಲ್ಪಸಂಖ್ಯಾತರ ಶಾಲೆಗಳಿಗೂ ಮರಾಠಿ ಕಡ್ಡಾಯ ಮಾಡಿದ್ದನ್ನು ಸುಪ್ರೀಂ ಕೋರ್ಟು 2004ರ ಉಷಾ ಮೆಹ್ತಾ ಪ್ರಕರಣದಲ್ಲಿ ಎತ್ತಿ ಹಿಡಿದಿದೆ. ರಾಜ್ಯದ ಭಾಷೆಯನ್ನು ಒಂದು ವಿಷಯವಾಗಿ ಕಲಿಸುವುದೇ ತಪ್ಪು ಎಂಬ ವಾದ ಅದರ ಮುಂದೆ ನಿಲ್ಲುವುದು ಕಷ್ಟ. ನಿಲ್ಲಬಹುದಾದ ವಾದ ಬೇರೆ: ಹೊಸ ವ್ಯವಸ್ಥೆಯಿಂದ ಕನ್ನಡದ ಪಿರಿಯಡು ಕಡಿಮೆಯಾಗುತ್ತದೆ, ಕನ್ನಡ ಶಿಕ್ಷಕರ ಹುದ್ದೆ ಹೋಗುತ್ತದೆ, ಕಚೇರಿಯಲ್ಲಿ ಕನ್ನಡದ ಅರ್ಜಿಗೆ ಇದ್ದ ಅವಕಾಶ ತಪ್ಪುತ್ತದೆ. ಇದನ್ನು ತೋರಿಸಲು ಭಾಷಣ ಸಾಲದು, ವೇಳಾಪಟ್ಟಿ, ಹುದ್ದೆ ಮಂಜೂರಾತಿಯ ಪಟ್ಟಿ, ಹಿಂದಿರುಗಿಸಿದ ಅರ್ಜಿಯ ಪ್ರತಿ ಬೇಕು. ಅಲ್ಲದೆ, ಮಸೂದೆ ಇನ್ನೂ ಮಸೂದೆಯಾಗಿರುವಾಗ ಕೋರ್ಟು ಮುಟ್ಟುವುದಿಲ್ಲ; ಅಂಕಿತ ಬಿದ್ದು ಕಾಯ್ದೆಯಾಗಬೇಕು. ಕಾಯ್ದೆಯನ್ನೇ ಪ್ರಶ್ನಿಸುವುದಾದರೆ ಆಧಾರಗಳು ಕಡಿಮೆ: ಶಾಸಕಾಂಗಕ್ಕೆ ಅಧಿಕಾರ ಇಲ್ಲ ಎನ್ನಬೇಕು, ಇಲ್ಲವೇ ಸಂವಿಧಾನದ ವಿಧಿಯೊಂದಕ್ಕೆ ವಿರುದ್ಧ ಎನ್ನಬೇಕು. ಕಾಯ್ದೆಯಡಿ ಹೊರಡುವ ನಿಯಮ, ಸುತ್ತೋಲೆಗಳನ್ನು ಪ್ರಶ್ನಿಸಲು ಆಧಾರಗಳು ಹೆಚ್ಚು. ಅನುಭವಸ್ಥ ವಕೀಲರು ಸುತ್ತೋಲೆಗಾಗಿ ಕಾಯುವುದು ಇದಕ್ಕೇ.

ಇನ್ನು ಕೋರ್ಟಿನ ಕೈಗೆ ಬಾರದ ವಿಷಯ ಗಡಿಯದ್ದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಆಗಿನ ಮೈಸೂರಿಗೆ ಕೊಡಬೇಕೆಂದು ಮಹಾಜನ್ ಆಯೋಗ 1967ರಲ್ಲಿ ಶಿಫಾರಸು ಮಾಡಿತು. ಆಯೋಗದ ಶಿಫಾರಸು ಯಾರಿಗೂ ಹಕ್ಕು ಕೊಡುವುದಿಲ್ಲ. ರಾಜ್ಯದ ಗಡಿ ಬದಲಿಸುವುದು 3ನೇ ವಿಧಿಯಡಿ ಸಂಸತ್ತಿನ ಕೆಲಸ, ವರದಿ ಜಾರಿ ಮಾಡಿ ಎಂದು ರಿಟ್ ಹಾಕಿ ಫಲವಿಲ್ಲ. ಬೆಳಗಾವಿ ವಿಚಾರದಲ್ಲಿ 2004ರಲ್ಲಿ ಮಹಾರಾಷ್ಟ್ರ ಹೂಡಿದ್ದು ರಿಟ್ ಅಲ್ಲ, ರಾಜ್ಯಗಳ ನಡುವಿನ ವ್ಯಾಜ್ಯಕ್ಕಿರುವ 131ನೇ ವಿಧಿಯ ದಾವೆ. ಅದನ್ನು ಹೂಡಲು ನಾಗರಿಕರಿಗೆ ಬರುವುದಿಲ್ಲ.

ತಲಪಾಡಿಯ ಮಣ್ಣಿನ ರಾಶಿ

ಗಡಿಯವರಿಗೆ ಇನ್ನೊಂದು ತೊಡಕು: ತೊಂದರೆ ಇಲ್ಲಿ, ತೀರ್ಮಾನ ಮಾಡಿದವರು ಅಲ್ಲಿ. 2020ರ ಮಾರ್ಚಿನಲ್ಲಿ ಕೋವಿಡ್ ಹರಡಿದಾಗ ಕರ್ನಾಟಕ ಸರಕಾರ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳ ಆಂಬುಲೆನ್ಸುಗಳು ತಲಪಾಡಿಯಲ್ಲಿ ನಿಂತವು. ಪ್ರಕರಣ ಹೋದದ್ದು ಕೇರಳ ಹೈಕೋರ್ಟಿಗೆ. ಕರ್ನಾಟಕದ ಕ್ರಮವನ್ನು ಕೇರಳದ ಹೈಕೋರ್ಟು ಹೇಗೆ ನೋಡೀತು?

226(2) ಇದಕ್ಕೆ ಉತ್ತರ. ಸರಕಾರದ ಕಚೇರಿ ಬೇರೆಡೆ ಇದ್ದರೂ, ದೂರಿನ ಕಾರಣ ಪೂರ್ತಿಯಾಗಿ ಇಲ್ಲವೇ ಭಾಗಶಃ ತನ್ನ ವ್ಯಾಪ್ತಿಯಲ್ಲಿ ಹುಟ್ಟಿದ್ದರೆ ಹೈಕೋರ್ಟು ರಿಟ್ ಹೊರಡಿಸಬಹುದು. ಮೊದಲು ಹೀಗಿರಲಿಲ್ಲ. ದಿಲ್ಲಿಯಲ್ಲಿರುವ ಚುನಾವಣಾ ಆಯೋಗಕ್ಕೆ ಮದ್ರಾಸ್ ಹೈಕೋರ್ಟು ರಿಟ್ ಕೊಡುವಂತಿಲ್ಲ ಎಂದು 1953ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 1963ರ 15ನೇ ತಿದ್ದುಪಡಿ ಆ ಕೊರತೆ ತುಂಬಿತು. 2020ರ ಏಪ್ರಿಲ್ 1ರ ಆದೇಶದಲ್ಲಿ ಕೇರಳ ಹೈಕೋರ್ಟು ಜನರ ಸಂಚಾರದ ಮತ್ತು ಜೀವದ ಹಕ್ಕುಗಳಿಗೆ ಧಕ್ಕೆಯಾಗಿದೆ ಎಂದಿತು. ಕರ್ನಾಟಕಕ್ಕೆ ನೇರ ಆಜ್ಞೆ ಮಾಡದೆ, ರಾಷ್ಟ್ರೀಯ ಹೆದ್ದಾರಿಯ ಹೊಣೆ ಕೇಂದ್ರದ್ದಾದ್ದರಿಂದ ತಡೆ ತೆರವು ಮಾಡಿಸಿ ಎಂದು ಕೇಂದ್ರಕ್ಕೆ ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು, ತುರ್ತು ರೋಗಿಗಳನ್ನು ಬಿಡುವ ಕ್ರಮಕ್ಕೆ ಎರಡೂ ಕಡೆಯವರು ಒಪ್ಪಿದ ಮೇಲೆ ಏಪ್ರಿಲ್ 7ರಂದು ಪ್ರಕರಣ ಮುಗಿಯಿತು. ಯಾರನ್ನು ಎದುರುದಾರರನ್ನಾಗಿ ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಹೊಣೆ ಕಾನೂನಿನಲ್ಲಿ ಯಾರ ಮೇಲಿದೆಯೋ ಅವರನ್ನು ಸೇರಿಸಿದ್ದರಿಂದಲೇ ಆ ಅರ್ಜಿ ಉಳಿಯಿತು.

ಅರ್ಜಿಗೆ ಮೊದಲು, ಅರ್ಜಿಯಲ್ಲಿ

ಇಂಥದ್ದನ್ನು ಮಾಡಿ ಎಂಬ ಮ್ಯಾಂಡಮಸ್ ಬೇಕಾದರೆ ಮೊದಲು ಕೇಳಿರಬೇಕು, ಅವರು ನಿರಾಕರಿಸಿರಬೇಕು ಇಲ್ಲವೇ ಸುಮ್ಮನಿದ್ದಿರಬೇಕು. ಆದ್ದರಿಂದ ಮನವಿ ಕೊಟ್ಟು ದಿನಾಂಕದ ಮುದ್ರೆ ಇರುವ ಪ್ರತಿ ಇಟ್ಟುಕೊಳ್ಳಬೇಕು. ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟಿನ ರಶೀದಿ. ಮನವಿ ಕನ್ನಡದಲ್ಲೇ ಇರಬಹುದು. ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಿ ಇಲ್ಲವೇ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಲು 350ನೇ ವಿಧಿ ಹಕ್ಕು ಕೊಡುತ್ತದೆ. ವಿದ್ಯಾನಗರದ ಸಿವಿಲ್ ಸ್ಟೇಶನ್ನಿನಲ್ಲಿ ಯಾರಾದರೂ ಮಲಯಾಳದಲ್ಲಿ ಬರೆದು ತನ್ನಿ ಎಂದರೆ ಆ ವಿಧಿಯ ನಂಬರನ್ನು ಮನವಿಯ ತಲೆಯಲ್ಲೇ ಬರೆದು ಕೊಡಿ.

ಜೊತೆಗೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ. ಆದೇಶದ ಪ್ರತಿ ಮಾತ್ರ ಕೇಳಿ ಸುಮ್ಮನಾಗಬೇಡಿ, ಕಡತದ ಟಿಪ್ಪಣಿ ಪುಟಗಳನ್ನೂ ಕೇಳಿ. ಯಾರು ಏನು ಬರೆದರು, ಯಾವುದನ್ನು ಬಿಟ್ಟರು ಎಂಬುದು ಅಲ್ಲಿರುತ್ತದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ತೀರ್ಮಾನದ ಕಾರಣವನ್ನು ಬಾಧಿತರಿಗೆ ತಿಳಿಸಬೇಕೆಂದು ಅದೇ ಕಾಯ್ದೆಯ 4(1)(ಡಿ) ಹೇಳುತ್ತದೆ, ಅದನ್ನು ಉಲ್ಲೇಖಿಸುವವರು ಕಡಿಮೆ.

ರಿಟ್ಟಿಗೆ ಕಾಲಮಿತಿ ಎಂದು ಕಾನೂನಿನಲ್ಲಿ ಬರೆದಿಲ್ಲ. ಹಾಗೆಂದು ವರ್ಷಗಟ್ಟಲೆ ಕೂತರೆ ವಿಳಂಬದ ಒಂದೇ ಕಾರಣಕ್ಕೆ ವಜಾ ಆಗುತ್ತದೆ, ಹಳೇ ವಿಷಯಕ್ಕೆ ಹೊಸ ಮನವಿ ಕೊಟ್ಟ ಮಾತ್ರಕ್ಕೆ ಅದಕ್ಕೆ ಜೀವ ಬರುವುದಿಲ್ಲ. ಕಾಯ್ದೆಯಲ್ಲೇ ಮೇಲ್ಮನವಿಗೆ ಅವಕಾಶ ಇದ್ದರೆ ಮೊದಲು ಅಲ್ಲಿಗೆ ಹೋಗಿ ಎಂದು ಕೋರ್ಟು ಕಳಿಸುತ್ತದೆ. ಮೂಲಭೂತ ಹಕ್ಕಿನ ಉಲ್ಲಂಘನೆ, ಮಾತು ಕೇಳದೆ ಮಾಡಿದ ಆದೇಶ, ಅಧಿಕಾರವೇ ಇಲ್ಲದವರ ಆದೇಶ, ಕಾಯ್ದೆಯ ಸಿಂಧುತ್ವದ ಪ್ರಶ್ನೆ, ಇವು ಅದಕ್ಕೆ ಅಪವಾದ.

ಯಾರು ಅರ್ಜಿದಾರರು ಎಂಬುದರ ಮೇಲೆ ಕೋರ್ಟೂ ಬದಲಾಗುತ್ತದೆ. ಮೇಲಿನ ಶಿಕ್ಷಕರ ಉದಾಹರಣೆಯಲ್ಲಿ, ಹುದ್ದೆ ತನಗೆ ಸಿಗಬೇಕಿತ್ತು ಎನ್ನುವ ರ‍್ಯಾಂಕ್ ಪಟ್ಟಿಯ ಅಭ್ಯರ್ಥಿ ಮೊದಲು ಕೇರಳ ಆಡಳಿತ ನ್ಯಾಯಮಂಡಳಿಗೆ ಹೋಗಬೇಕು, ಅಲ್ಲಿಂದ ಹೈಕೋರ್ಟಿನ ವಿಭಾಗೀಯ ಪೀಠಕ್ಕೆ. ಮಕ್ಕಳ ಹೆತ್ತವರು ಕಲಿಕೆಯ ಹಕ್ಕನ್ನು ಮುಂದಿಟ್ಟು ಹೈಕೋರ್ಟಿಗೇ ಹೋಗಬಹುದು. ಎರಡೂ ಸಂದರ್ಭದಲ್ಲಿ, ನೇಮಕವಾದ ಶಿಕ್ಷಕರನ್ನು ಎದುರುದಾರರಾಗಿ ಸೇರಿಸದಿದ್ದರೆ ಅರ್ಜಿ ಬೀಳಬಹುದು. ಅವರ ಬೆನ್ನ ಹಿಂದೆ ಅವರ ಕೆಲಸ ತೆಗೆಯಲು ಬರುವುದಿಲ್ಲ, ಅದೂ ನ್ಯಾಯವೇ.

ಹೈಕೋರ್ಟಿನ ಭಾಷೆ 348ನೇ ವಿಧಿಯ ಪ್ರಕಾರ ಇಂಗ್ಲಿಷ್. ಕನ್ನಡದ ಪ್ರತಿ ದಾಖಲೆಗೂ ಇಂಗ್ಲಿಷ್ ಅನುವಾದ ಬೇಕು, ಕೇರಳದಲ್ಲಿ ಅವನ್ನು ಎಕ್ಸಿಬಿಟ್ ಪಿ1, ಪಿ2 ಎಂದು ಗುರುತಿಸುತ್ತಾರೆ. ಕನ್ನಡ ಓದಲು ಬಾರದ ಕೊಚ್ಚಿಯ ಕಚೇರಿಯಲ್ಲಿ ಸಾರಾಂಶ ಕೇಳಿ ಅನುವಾದ ಮಾಡಿಸಿದರೆ ದಿನಾಂಕ, ಹುದ್ದೆಯ ಹೆಸರು, ತರಗತಿ ಎಲ್ಲ ಅದಲು ಬದಲು. ಅನುವಾದವನ್ನು ಕಾಸರಗೋಡಿನಲ್ಲೇ ಪ್ಯಾರಾಕ್ಕೆ ಪ್ಯಾರಾ ಹೊಂದಿಸಿ ಮಾಡಿಸಿ ಕಳಿಸುವುದು ಒಳ್ಳೆಯದು. ಇತರ ಗಡಿಗಳವರಿಗೆ ಒಂದು ಮಾತು: ಜತ್ತ, ಅಕ್ಕಲಕೋಟೆಯವರು ಈಗ ಮುಂಬೈಗೆ ಹೋಗಬೇಕಿಲ್ಲ, 2025ರ ಆಗಸ್ಟಿನಿಂದ ಕೊಲ್ಹಾಪುರದಲ್ಲಿ ಬಾಂಬೆ ಹೈಕೋರ್ಟಿನ ಪೀಠ ಇದೆ. ತಾಳವಾಡಿ, ಹೊಸೂರಿನವರಿಗೆ ಚೆನ್ನೈ, ಮಡಕಶಿರಾದವರಿಗೆ ಅಮರಾವತಿ.

ಗೆದ್ದ ಮೇಲೆ ಸೋಲುವುದು

ಎಷ್ಟೋ ರಿಟ್ ಅರ್ಜಿಗಳು ಸೋಲುವುದು ವಜಾ ಆಗಿ ಅಲ್ಲ. ಅರ್ಜಿದಾರರ ಮನವಿಯನ್ನು ಇಂತಿಷ್ಟು ವಾರದೊಳಗೆ ಪರಿಗಣಿಸಿ ತೀರ್ಮಾನಿಸಿ ಎಂಬ ಒಂದು ಪುಟದ ತೀರ್ಪಿನಲ್ಲಿ ಸೋಲುತ್ತವೆ. ಊರಿನಲ್ಲಿ ಗೆದ್ದೆವೆಂದು ಸುದ್ದಿಯಾಗುತ್ತದೆ. ವಾರಗಳು ಕಳೆದ ಮೇಲೆ ಅಧಿಕಾರಿ ಅದೇ ಮನವಿಯನ್ನು, ಈ ಸಲ ಕಾರಣ ಬರೆದು, ತಿರಸ್ಕರಿಸುತ್ತಾರೆ. ಕೋರ್ಟಿನ ಆಜ್ಞೆ ಪಾಲನೆಯಾಯಿತು, ಮೊದಲಿಗಿಂತ ಗಟ್ಟಿಯಾದ ಆದೇಶ ಅವರ ಕೈಯಲ್ಲಿದೆ. ಇದನ್ನು ತಪ್ಪಿಸಬೇಕಾದರೆ ಪರಿಹಾರದ ಕೋರಿಕೆಯಲ್ಲೇ ಬಿಗಿ ಬೇಕು: ಮನವಿ ಪರಿಗಣಿಸಿ ಎಂದಷ್ಟೇ ಕೇಳದೆ, ಇಂಥ ಆದೇಶ ರದ್ದು ಮಾಡಿ, ಇಂಥ ಅರ್ಹತೆಯವರನ್ನು ಇಂತಿಷ್ಟು ದಿನದಲ್ಲಿ ನೇಮಿಸಿ ಎಂದು ಕೇಳಬೇಕು. ಪರಿಗಣಿಸಿ ಎಂದೇ ಆದೇಶ ಬರುವುದಾದರೂ, ಅರ್ಜಿದಾರರ ಮಾತು ಕೇಳಿ, ಎಕ್ಸಿಬಿಟ್ ಪಿ3 ಅಧಿಸೂಚನೆಯನ್ನು ಗಮನಿಸಿ ಎಂಬ ಸಾಲುಗಳನ್ನು ಸೇರಿಸಿಕೊಳ್ಳಲು ವಕೀಲರು ಅಲ್ಲೇ ಕೇಳಬೇಕು.

ಅತ್ಯುನ್ನತ ಕೋರ್ಟಿನ ಸ್ಪಷ್ಟ ಆಜ್ಞೆಯೂ ತಾನಾಗಿ ಜಾರಿಯಾಗುವುದಿಲ್ಲ ಎಂಬುದನ್ನು ಕಾಸರಗೋಡಿನಷ್ಟು ನೋವಿನಿಂದ ತಿಳಿದ ಊರು ಬೇರೆ ಇಲ್ಲ. ಗೇರು ತೋಟಗಳ ಮೇಲೆ ವರ್ಷಾನುಗಟ್ಟಲೆ ಎಂಡೋಸಲ್ಫಾನ್ ಸಿಂಪಡಿಸಿದ್ದು ಸರಕಾರದ್ದೇ ಪ್ಲಾಂಟೇಶನ್ ಕಾರ್ಪೊರೇಶನ್. ಸುಪ್ರೀಂ ಕೋರ್ಟು 2011ರ ಮೇಯಲ್ಲಿ ಆ ವಿಷವನ್ನು ದೇಶದಾದ್ಯಂತ ತಡೆಯಿತು, 2017ರ ಜನವರಿ 10ರಂದು ಪ್ರತಿ ಸಂತ್ರಸ್ತರಿಗೂ ಮೂರು ತಿಂಗಳೊಳಗೆ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರಕಾರಕ್ಕೆ ಹೇಳಿತು. ಐದು ವರ್ಷ ಕಳೆದು 2022ರ ಮೇಯಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿ ವಿಚಾರಣೆಗೆ ಬಂದಾಗ, 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು 8 ಜನರಿಗೆ, ಅದೂ ನಿಂದನೆ ಅರ್ಜಿ ಹಾಕಿದವರಿಗೆ ಮಾತ್ರ ಎಂದು ಬಯಲಾಯಿತು. ಆ ಎಂಟು ಜನರಿಗೆ ತಲಾ 50,000 ರೂಪಾಯಿ ವೆಚ್ಚ ಕೊಡಲು ಹೇಳಿ, ಉಳಿದವರಿಗೆ ಪರಿಹಾರ ತಲುಪಿಸಲು ಮುಖ್ಯ ಕಾರ್ಯದರ್ಶಿ ತಿಂಗಳಿಗೊಮ್ಮೆ ಸಭೆ ನಡೆಸಬೇಕೆಂದು ಕೋರ್ಟು ಆಜ್ಞೆ ಮಾಡಿತು. ಮಲಗಿದಲ್ಲೇ ಇದ್ದ ಮಕ್ಕಳ ತಾಯಂದಿರನ್ನು ಐದು ವರ್ಷ ಕಾಯಿಸಿದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಆದ್ದರಿಂದ ತೀರ್ಪು ಬಂದ ದಿನವೇ ಮುಂದಿನ ಲೆಕ್ಕ ಶುರುವಾಗಬೇಕು. ದೃಢೀಕೃತ ಪ್ರತಿ ತೆಗೆದು, ಪಾಲಿಸಬೇಕಾದ ಅಧಿಕಾರಿಗೆ ಹೆಸರು ಮತ್ತು ಹುದ್ದೆ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಬೇಕು. ಆದೇಶ ತಲುಪಿಯೇ ಇಲ್ಲ ಎಂಬ ಉತ್ತರಕ್ಕೆ ಆಗ ಜಾಗ ಇರುವುದಿಲ್ಲ. ಏಕಸದಸ್ಯ ಪೀಠದ ತೀರ್ಪಿನ ಮೇಲೆ ಸರಕಾರ ರಿಟ್ ಮೇಲ್ಮನವಿ ಹಾಕಬಹುದು, ಆದರೆ ಅಲ್ಲಿ ತಡೆಯಾಜ್ಞೆ ಸಿಗದ ಹೊರತು ಮೊದಲ ತೀರ್ಪು ಜಾರಿಯಲ್ಲೇ ಇರುತ್ತದೆ. ಕೊಟ್ಟ ಗಡುವು ಮುಗಿದ ಮರುದಿನ ವಕೀಲರ ನೋಟಿಸು. ನಿಂದನೆಯ ಅರ್ಜಿಗೆ 1971ರ ಕಾಯ್ದೆಯ 20ನೇ ಕಲಮಿನಲ್ಲಿರುವ ಗಡುವು ಒಂದು ವರ್ಷ, ಉಲ್ಲಂಘನೆಯಾದ ದಿನದಿಂದ ಲೆಕ್ಕ. ಅಧಿಕಾರಿ ವರ್ಗವಾಗಿ ಹೋಗಿ ಹೊಸಬರು ಬಂದಿದ್ದರೆ ಅವರಿಗೂ ತೀರ್ಪಿನ ಪ್ರತಿಯನ್ನು ಹೊಸದಾಗಿ ಕಳಿಸಿ ರಶೀದಿ ಇಟ್ಟುಕೊಳ್ಳಬೇಕು.